ಹುತ್ರಿದುರ್ಗದ ಬುಡದಲ್ಲಿ ಬೋನಿನೊಳಗಿಂದ ಕಂಡದ್ದು

ರಾತ್ರಿ ಹೊಲದಲ್ಲಿ ಯಾರನ್ನೋ ಕಂಡೆ ಎನ್ನುವವರ ಮಾತನ್ನು ನಾನು ಯಾವತ್ತೂ ನಂಬಿದವನಲ್ಲ. ನಿದ್ದೆಗೆಟ್ಟ ಕಣ್ಣು, ಹೆದರಿದ ಮನಸ್ಸು, ಆಮೇಲೆ ಹೇಳಿ ಹೇಳಿ ಬೆಳೆದ ಕಥೆ ಎಂದು ತಳ್ಳಿಹಾಕುತ್ತಿದ್ದೆ. ಪ್ರಾಣಿಶಾಸ್ತ್ರ ಓದಿದ ಜಂಬವೂ ಇತ್ತು. ಈಗ ನಾನು ಬರೆಯಹೊರಟಿರುವುದೂ ಅಂಥದ್ದೇ. ಅದಕ್ಕೇ ಮರುದಿನ ಬರೆದ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ.

ಕೆಲವು ವರ್ಷಗಳ ಹಿಂದೆ ಹುತ್ರಿದುರ್ಗದ ಬುಡದ ಹೊಲವೊಂದರಲ್ಲಿ ಅರಣ್ಯ ಇಲಾಖೆಯವರು ಚಿರತೆಗೆ ಬೋನು ಇಟ್ಟಿದ್ದರು. ಅದು ಮರಿಗಳಿರುವ ತಾಯಿಯಿರಬಹುದೆಂಬ ಅನುಮಾನ ಬಂತು. ತಾಯಿಯನ್ನಷ್ಟೇ ಹಿಡಿದು ಸಾಗಿಸಿದರೆ ಮರಿಗಳು ಉಳಿಯುವುದಿಲ್ಲ. ಹಾಗಾಗಿ ಒಂದು ರಾತ್ರಿ ಬೋನಿನ ದೊಡ್ಡ ಬಾಗಿಲು ಬೀಳದಂತೆ ಕಟ್ಟಿ, ಹಿಂದೆ ಮೇಕೆ ಕಟ್ಟುವ ಪುಟ್ಟ ಖಾನೆಯಲ್ಲಿ ನಾನು ಕುಳಿತು ನೋಡುವುದೆಂದಾಯಿತು. ಗೆಳೆಯನೊಬ್ಬನಿಂದ ನೈಟ್ ವಿಷನ್ ಗಾಗಲ್ಸ್ ತಂದಿದ್ದೆ. ಜೊತೆಗಿದ್ದವರು ಇಲಾಖೆಯ ಕಾವಲುಗಾರ ಸಿದ್ದಣ್ಣ.

"ಮೇಕೆ ಜಾಗ್ದಲ್ಲಿ ಕುಂತಿದೀರ ಸಾರ್. ಮ್ಯಾ ಅಂತ ಮಾತ್ರ ಅನ್ಬ್ಯಾಡಿ," ಎಂದು ನಕ್ಕು, ಸಡಿಲವಾಗಿದ್ದ ಚಿಲಕಕ್ಕೆ ಹೊರಗಿನಿಂದ ತಂತಿ ಸುತ್ತಿದರು. ಕಂಬಳಿ ಹೊದ್ದು ದೂರದ ಜೀಪಿನತ್ತ ಹೊರಟರು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಒಳಗಿನಿಂದ ಆ ತಂತಿ ಬಿಚ್ಚಲು ಬರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಮೇಕೆಯನ್ನು ಕೂಡಿ ರೂಢಿಯಾದ ಕೈ ಅದು. ಅವರು ಹೋದ ಮೇಲೆ ಕೈ ತೂರಿಸಿ ನೋಡಿದೆ, ಬೆರಳು ತಂತಿಗೆ ಎಟುಕಲಿಲ್ಲ.

ಆ ಗಾಗಲ್ಸ್ ಹಾಕಿದರೆ ಎರಡು ಪೈಪಿನ ತುಂಡುಗಳಲ್ಲಿ ಇಣುಕಿದಂತೆ. ಎಲ್ಲ ಹಸಿರು, ಎಲ್ಲ ಚಪ್ಪಟೆ. ಕತ್ತು ತಿರುಗಿಸದೆ ಪಕ್ಕದ್ದು ಕಾಣದು, ಆ ಖಾನೆಯಲ್ಲಿ ಕತ್ತು ತಿರುಗಿಸಲೂ ಜಾಗವಿರಲಿಲ್ಲ. ತೆಗೆದರೆ ಇನ್ನೂ ಕಷ್ಟ. ಹಸಿರು ನೋಡಿ ದಣಿದ ಕಣ್ಣಿನ ಮುಂದೆ ಕಂದು ಮಚ್ಚೆ, ಅದರಾಚೆ ಬರೀ ಕತ್ತಲೆ.

ಎಷ್ಟೋ ಹೊತ್ತಿನ ಮೇಲೆ, ಹತ್ತು ಹೆಜ್ಜೆ ದೂರದಲ್ಲಿ ಸಿದ್ದಣ್ಣ ಕುಳಿತಿರುವುದು ಕಂಡಿತು. ಕಂಬಳಿ, ನನ್ನ ಕಡೆಗೆ ಬೆನ್ನು. ಜೀಪು ಬಿಟ್ಟು ಬಂದರಲ್ಲ ಎಂದು ಸಮಾಧಾನವಾಯಿತು. ಆಗಲೇ ಚಿರತೆ ಬಂದದ್ದು. ಹಿಂದೆ ಎರಡು ಮರಿ. ನೇರವಾಗಿ ಅವರತ್ತಲೇ ನಡೆಯಿತು. ಅವರು ಅಲುಗಲಿಲ್ಲ.

ಕೂಗಿದರೆ ಅವರು ಎಚ್ಚರಗೊಂಡಾರು. ಕೂಗಿದರೆ ಅದು ನನ್ನತ್ತ ತಿರುಗೀತು, ಕಂಬಿಗಳ ನಡುವೆ ಪಂಜ ತೂರುವಷ್ಟು ಜಾಗವಿದೆ, ನನಗೆ ಹಿಂದೆ ಸರಿಯಲು ಜಾಗವಿಲ್ಲ. ನಾನು ಗಾಗಲ್ಸ್ ಕಿತ್ತು ಕೈಯಲ್ಲಿ ಹಿಡಿದೆ. ಕತ್ತಲೆ. ಬಾಯಿಗೆ ಅಂಗೈ ಒತ್ತಿಕೊಂಡಿದ್ದೆ. ಮತ್ತೆ ಹಾಕಿದಾಗ ಚಿರತೆಯೂ ಇರಲಿಲ್ಲ, ಮರಿಗಳೂ ಇರಲಿಲ್ಲ. ಕಂಬಳಿಯ ಬೆನ್ನು ಹಾಗೆಯೇ ಇತ್ತು. ಬೆಳಕು ಹರಿಯುವವರೆಗೂ ಅದನ್ನೇ ನೋಡುತ್ತ ಕುಳಿತೆ; ಗಾಗಲ್ಸ್ ತೆಗೆದಾಗ ಅಲ್ಲಿ ಯಾರೂ ಇರಲಿಲ್ಲ.

ಬೆಳಿಗ್ಗೆ ಸಿದ್ದಣ್ಣ ಜೀಪಿನ ಕಡೆಯಿಂದ ಆಕಳಿಸುತ್ತ ಬಂದು ತಂತಿ ಬಿಚ್ಚಿದರು.

"ರಾತ್ರಿ ಇಲ್ಲಿ ಬಂದು ಕೂತಿದ್ರಲ್ಲ?" ಎಂದೆ.

"ನಾನಾ? ಆ ಚಳೀಲಿ? ಜೀಪಿಂದ ಕಾಲು ಕೆಳಗೆ ಇಟ್ಟಿದ್ರೆ ಕೇಳಿ ಸಾರ್."

ಹತ್ತು ಹೆಜ್ಜೆ ದೂರದಲ್ಲಿ ಬಂಡೆಯಿಲ್ಲ, ಮೋಟು ಮರವಿಲ್ಲ. ಹೊಸದಾಗಿ ಉತ್ತ ಮಣ್ಣು, ಅಷ್ಟೆ. ಸಿದ್ದಣ್ಣ ಬಗ್ಗಿ ಹೆಜ್ಜೆ ನೋಡಿದರು. "ಮರಿ ಅವೆ ಸಾರ್, ಬೋನು ಎತ್ತಿಸ್ಬುಡಾಣ," ಎಂದರು. ಆಮೇಲೆ ಜಾಡು ಹಿಡಿದು ಮುಂದೆ ನಡೆದರು. ನೇರ ಬಂದ ಹೆಜ್ಜೆಗಳು, ದೊಡ್ಡವೂ ಚಿಕ್ಕವೂ, ಆ ಜಾಗದಲ್ಲಿ ಅರ್ಧ ಸುತ್ತು ಬಳಸಿ, ಮತ್ತೆ ನೇರವಾಗಿ ಬೆಟ್ಟದ ಕಡೆ ಹೋಗಿದ್ದವು. "ಯಾರ್ನೋ ಬಳಸ್ಕಂಡು ಹೋದಂಗೈತೆ," ಎಂದರು.

ಗಾಗಲ್ಸ್ ಕೊಟ್ಟ ಗೆಳೆಯ, ಅದರಲ್ಲಿ ದೂರದ ಅಳತೆ ಸಿಗುವುದಿಲ್ಲ, ಬೆಟ್ಟದ ಮೇಲಿನ ಗುಂಡುಕಲ್ಲೇ ಕಂಬಳಿ ಹೊದ್ದವರಂತೆ ಹತ್ತಿರ ಕಂಡಿರಬೇಕು ಎಂದ. ಇರಬಹುದು. ಆದರೆ ಬೆಟ್ಟದ ಮೇಲಿನ ಕಲ್ಲನ್ನು ಚಿರತೆ ಹೊಲದಲ್ಲಿ ಬಳಸಿ ಹೋಗುವುದಿಲ್ಲ. ಡೈರಿಯಲ್ಲಿ, ಆ ಕಂಬಳಿಯವರ ಬಗ್ಗೆ, "ಅವರು ಒಮ್ಮೆ ತಿರುಗಿ, ಸುಮ್ಮನಿರು ಎಂಬಂತೆ ಕೈ ಮಾಡಿದರು," ಎಂದು ಬರೆದಿದ್ದೇನೆ. ನನಗೆ ಅದು ನೆನಪೇ ಇಲ್ಲ. ನಿಜವಾಗಿ ಕಂಡೆನೋ, ಕೂಗದೆ ಕುಳಿತ ನಾಚಿಕೆಗೆ ಬೆಳಿಗ್ಗೆ ಸೇರಿಸಿಕೊಂಡೆನೋ, ಹೇಳಲಾರೆ. ಅಲ್ಲಿ ಯಾರೂ ಇರಲಿಲ್ಲ ಎಂದುಕೊಂಡರೂ ಬಿಡುಗಡೆಯಿಲ್ಲ. ಆ ಹೊತ್ತಿನಲ್ಲಿ ನಾನು ಅವರನ್ನು ಸಿದ್ದಣ್ಣ ಎಂದೇ ನಂಬಿದ್ದೆ, ನಂಬಿಯೂ ಕೂಗಲಿಲ್ಲ.