ಭಾವನ ತೋಳಿನಷ್ಟು ಬಿಳಿ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮೂವತ್ತೊಂದು ವರ್ಷ ಬಿಳಿ ಬಣ್ಣ ನೋಡುವುದಕ್ಕೇ ಸಂಬಳ ತೆಗೆದುಕೊಂಡವರು. ಅಂಗಿ ಕಾರ್ಖಾನೆಯಲ್ಲಿ ಅವರ ಕೆಲಸ ಇಷ್ಟೇ: ಕಾಲರಿನ ಬಿಳಿ, ಬೆನ್ನಿನ ಬಿಳಿ, ತೋಳಿನ ಪಟ್ಟಿಯ ಬಿಳಿ ಮೂರೂ ಒಂದೇ ಹೌದೋ ಅಲ್ಲವೋ ಎಂದು ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡುವುದು. ಹೌದಾದರೆ ತಲೆಯಾಡಿಸುವುದು. ಅಲ್ಲವಾದರೆ ಆ ಅಂಗಿಯನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದು ಬುಟ್ಟಿಗೆ ಬಿಡುವುದು. ಕಾರ್ಖಾನೆಯವರೆಲ್ಲ ಅವರನ್ನು ಬಿಳಿ ಸಾಹೇಬರು ಅನ್ನುತ್ತಿದ್ದರು. ತಮಾಷೆಗೆ ಅನ್ನುತ್ತಿದ್ದರು ಅಂತ ನನ್ನ ಅನುಮಾನ. ಭಾವನಿಗೆ ಅಂಥ ಅನುಮಾನವೇನೂ ಇರಲಿಲ್ಲ.

ಕೊನೆಯ ವರ್ಷ ಕಾರ್ಖಾನೆಗೆ ಬಿಳಿ ಅಳೆಯುವ ಯಂತ್ರ ಬಂತು. ಊಟದ ಡಬ್ಬಿಯಷ್ಟು ಗಾತ್ರ. ಬಟ್ಟೆಯ ಮೇಲಿಟ್ಟು ಗುಂಡಿ ಒತ್ತಿದರೆ ಒಂದು ಸಂಖ್ಯೆ ತೋರಿಸುತ್ತಿತ್ತು. ಭಾವ ನಿವೃತ್ತರಾದ ಮರುದಿನವೇ ಅದನ್ನು ಅವರ ಸ್ಟೂಲಿನ ಮೇಲೆ ಕೂರಿಸಿದರಂತೆ. ಈ ಸುದ್ದಿ ಅವರಿಗೆ ಜೀರ್ಣವಾಗಲೇ ಇಲ್ಲ. "ಅದಕ್ಕೆ ಸಂಖ್ಯೆ ಗೊತ್ತು ಕಣಯ್ಯಾ, ಬಿಳಿ ಗೊತ್ತಿಲ್ಲ" ಎಂದು ಎರಡು ವರ್ಷದಿಂದ ನನಗೆ ಹೇಳುತ್ತಲೇ ಇದ್ದಾರೆ.

ಬೀಳ್ಕೊಡುವಾಗ ಕಾರ್ಖಾನೆಯವರು ಒಂದೇ ಥಾನಿನ ಬಟ್ಟೆಯಲ್ಲಿ ಹೊಲಿದ ಆರು ಬಿಳಿ ಅಂಗಿ ಕೊಟ್ಟಿದ್ದರು. ಭಾವ ಅವುಗಳ ಕಾಲರಿನ ಒಳಗೆ ಶಾಯಿಯಲ್ಲಿ ಸೋಮವಾರದಿಂದ ಶನಿವಾರದವರೆಗೆ ವಾರದ ಹೆಸರು ಬರೆದುಕೊಂಡರು. ಆಯಾ ವಾರಕ್ಕೆ ಆಯಾ ಅಂಗಿ. ಭಾನುವಾರ ಬನಿಯನ್ನು. ಹಾಕಿಕೊಂಡ ಅಂಗಿಯನ್ನು ಅಕ್ಕ ಮರುದಿನ ಬೆಳಿಗ್ಗೆ ಕೈಯಲ್ಲೇ ಒಗೆದು, ನೀಲಿ ನೀರಿನಲ್ಲಿ ಅದ್ದಿ, ಹಿತ್ತಲ ಹಗ್ಗಕ್ಕೆ ಹಾಕುತ್ತಾಳೆ. ಒಣಗಿದ ಮೇಲೆ ಅದು ಬೀರುವಿನ ಕತ್ತಲೆಗೆ ಹೋಗುತ್ತದೆ. ಹೀಗಾಗಿ ಆ ಆರೂ ಅಂಗಿಗಳು ಒಟ್ಟಿಗೆ ಬೆಳಕು ಕಂಡದ್ದೇ ಇಲ್ಲ. ಈ ಸಂಗತಿ ಸ್ವಲ್ಪ ನೆನಪಿನಲ್ಲಿರಲಿ.

ಈ ವರ್ಷ ಅವರ ಮನೆಗೆ ಬಣ್ಣ ಹೊಡೆಸುವುದೆಂದಾಯಿತು. ಅಕ್ಕ, ಯಾವುದೋ ಒಂದು ಆಫ್ ವೈಟ್ ಹೊಡೆಸಿ ಮುಗಿಸಿಬಿಡಿ ಅಂದಳು. ಆ "ಯಾವುದೋ ಒಂದು" ಭಾವನ ಎದೆಗೆ ನಾಟಿತು. ಅವತ್ತು ಸಂಜೆ ನನ್ನನ್ನು ಕರೆಸಿ ಕೋಣೆಯಿಂದ ಕೋಣೆಗೆ ಓಡಾಡಿಸಿದರು. ಹಾಲಿಗೆ ಬೆಳಗಿನ ಬಿಸಿಲು ನೇರ ಬೀಳುತ್ತದೆ. ಅಡುಗೆಮನೆಗೆ ಎದುರುಮನೆಯ ಇಟ್ಟಿಗೆ ಗೋಡೆಯ ಕೆಂಪು ಬಂದು ತಾಗುತ್ತದೆ. ಭಾವ ಆಫೀಸು ಎಂದು ಕರೆಯುವ, ಉಳಿದವರು ಉಗ್ರಾಣ ಎಂದು ಕರೆಯುವ ಕೋಣೆಗೆ ಮರದ ಎಲೆಗಳ ಹಸಿರು. ಮಲಗುವ ಕೋಣೆಗೆ ಉತ್ತರದ ತಣ್ಣನೆ ಬೆಳಕು. ನಡುಮನೆಗೂ ದೇವರಕೋಣೆಗೂ ಇನ್ನೊಂದೊಂದು ಥರ. ಆರು ಕಡೆ ಆರು ಬೆಳಕು. ಒಂದೇ ಬಿಳಿ ಹೊಡೆದರೆ ಆರು ಥರ ಕಾಣುತ್ತದೆ. ಒಂದೇ ಥರ ಕಾಣಬೇಕಾದರೆ ಆರು ಬಿಳಿ ಬೇಕು. ಕಾಲರ್ ಒಂದು ಥರ, ತೋಳು ಒಂದು ಥರ ಇರುವ ಮನೆಯಲ್ಲಿ ತಮ್ಮಿಂದ ಇರಲಾಗದು ಎಂದರು. ನಾನು ತಲೆಯಾಡಿಸಿದೆ. ಅಕ್ಕನ ಮನೆಯ ಟೀ ಚೆನ್ನಾಗಿರುತ್ತದೆ.

ಪೇಂಟ್ ಮೇಸ್ತ್ರಿ ಮಾತು ಕಡಿಮೆಯ ಆಸಾಮಿ. ಭಾವ ಹೇಳಿದಂತೆ ಪ್ರತಿ ಕೋಣೆಯ ಗೋಡೆಗೂ ಅಂಗೈ ಅಗಲದ ಹನ್ನೆರಡು ತೇಪೆ ಬಳಿದು ಪಕ್ಕದಲ್ಲಿ ಪೆನ್ಸಿಲಿನಿಂದ ನಂಬರು ಹಾಕಿದ. ಗುರುತಿಗೆಂದು ಅವೇ ತೇಪೆಗಳನ್ನು ಒಂದೊಂದು ರಟ್ಟಿಗೂ ಬಳಿದಿಟ್ಟುಕೊಂಡ. ಕೆನೆ ಬಿಳಿ, ದಂತದ ಬಿಳಿ, ಮುತ್ತಿನ ಬಿಳಿ, ಮೊಟ್ಟೆಚಿಪ್ಪಿನ ಬಿಳಿ, ಹೀಗೆ. ನನಗೆ ಹನ್ನೆರಡೂ ಗೋಡೆಯ ಥರವೇ ಕಂಡವು. ಭಾವನ ಪರೀಕ್ಷೆ ಕಾರ್ಖಾನೆಯ ಪದ್ಧತಿಯದು: ತಾವು ತೊಟ್ಟ ಅಂಗಿಯ ತೋಳನ್ನು ಗೋಡೆಗೆ ಒತ್ತಿ ಹಿಡಿದು ಒಂದು ಕಣ್ಣು ಮುಚ್ಚುವುದು. ಯಾವ ತೇಪೆಯ ಮೇಲೆ ತೋಳಿನ ಅಂಚು ಮಾಯವಾಗುತ್ತದೋ ಅದೇ ಆ ಕೋಣೆಯ ಬಿಳಿ.

ಮೇಸ್ತ್ರಿ ಒಂದೇ ಒಂದು ಪ್ರಶ್ನೆ ಕೇಳಿದ. "ಸಾರ್, ಕೋಣೆ ಬೆಳಕು ಅಂಗಿ ಮೇಲೂ ಬೀಳುತ್ತಲ್ಲ? ಹಂಗಾದ್ರೆ ಎಲ್ಲಾ ಕೋಣೇಲೂ ಒಂದೇ ನಂಬರು ಬರಬೇಕಲ್ವಾ?"

"ನೋಡು ಮೇಸ್ತ್ರಿ, ನೀನು ಗೋಡೆ ನೋಡ್ಕೋ. ಬೆಳಕಿನ ವಿಷಯ ನನಗೆ ಬಿಡು" ಅಂದರು ಭಾವ.

ಕಣ್ಣು ದಣಿಯಬಾರದೆಂದು ದಿನಕ್ಕೊಂದು ಕೋಣೆ. ಸೋಮವಾರ ಹಾಲಿಗೆ ಹನ್ನೊಂದನೇ ನಂಬರು ಬಂತು. ಮಂಗಳವಾರ ಅಡುಗೆಮನೆಗೆ ಆರು. ಗುರುವಾರ ಆಫೀಸಿಗೆ ಎರಡು. ಶನಿವಾರದ ಹೊತ್ತಿಗೆ ಆರು ಕಡೆಗೆ ಆರು ಬೇರೆ ಬೇರೆ ನಂಬರು ಬಂದಿದ್ದವು. ಭಾವ ಪ್ರತಿದಿನ ನನಗೆ ಫೋನ್ ಮಾಡಿ ಫಲಿತಾಂಶ ಘೋಷಿಸಿದರು. ಮೇಸ್ತ್ರಿ ತಲೆ ಕೆರೆದುಕೊಂಡು, ಇಷ್ಟು ವರ್ಷ ತಾನು ಬಳಿದ ಮನೆಗಳನ್ನೆಲ್ಲ ನೆನೆದು ಮಂಕಾದನಂತೆ. ಮನೆಯ ಸಾಮಾನೆಲ್ಲ ನಡುಮನೆಯಲ್ಲಿ ಗುಡ್ಡೆಯಾಗಿತ್ತು. ಬಾಚಣಿಗೆ ಬೇಕಾದರೆ ಅಕ್ಕ ಮೇಜಿನ ಕೆಳಗೆ ನುಸುಳಿ ಬೀರುವಿನ ಹಿಂದಿನಿಂದ ಕೈ ಹಾಕಬೇಕಾಗಿತ್ತು.

ಮುಂದಿನ ವಾರ ಮೊದಲು ಹಾಲಿಗೆ ಬಣ್ಣವಾಯಿತು. ಒಣಗಲು ಬಿಟ್ಟು, ಗುರುವಾರ ಅಂತಿಮ ತಪಾಸಣೆ. ಅದಕ್ಕೆ ನನಗೂ ಆಹ್ವಾನ. ಭಾವ ಹಾಲಿನ ನಡುವೆ ಬಂದು ನಿಂತರು, ಗಂಟಲು ಸರಿಮಾಡಿಕೊಂಡರು, ತೋಳನ್ನು ಗೋಡೆಗೆ ಒತ್ತಿ ಒಂದು ಕಣ್ಣು ಮುಚ್ಚಿದರು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿದರು. ಆಮೇಲೆ ಎರಡನ್ನೂ.

ಗೋಡೆ ನೀಲಿಯಾಗಿದೆ, ನೀರು ಬೆರೆಸಿದ ಹಾಲಿನ ಹಾಗಿದೆ, ಡಬ್ಬಿ ಬದಲಾಗಿದೆ ಎಂದು ಮೇಸ್ತ್ರಿಯ ಮೇಲೆ ಹರಿಹಾಯ್ದರು. ಮೇಸ್ತ್ರಿ ಜಗಳ ಮಾಡಲಿಲ್ಲ. ಹನ್ನೊಂದನೇ ನಂಬರಿನ ಡಬ್ಬಿ ತಂದು, ಮುಚ್ಚಳ ತೆಗೆದು, ಹಳೆಯ ತೇಪೆ ಬಳಿದಿದ್ದ ರಟ್ಟನ್ನು ಗೋಡೆಯ ಪಕ್ಕ ಹಿಡಿದ. ಎರಡೂ ಒಂದೇ. "ಡಬ್ಬಿ ಅದೇ ಸಾರ್. ಗೋಡೆ ಅದೇ. ಬ್ರಷ್ಷೂ ಅದೇ" ಅಂದು ನಿಲ್ಲಿಸಿದ. ಇನ್ನೊಂದು ಉಳಿದಿತ್ತು, ಅದನ್ನು ಹೇಳುವಷ್ಟು ಕೆಟ್ಟವನಲ್ಲ. ಭಾವನೇ ಮೆಲ್ಲಗೆ ತಮ್ಮ ಕನ್ನಡಕ ತೆಗೆದರು.

ಕಣ್ಣಿನ ಡಾಕ್ಟರ ಬಳಿ ನಾನೇ ಕರೆದುಕೊಂಡು ಹೋದೆ. ನಿಮ್ಮ ವಯಸ್ಸಿಗೆ ಚೆನ್ನಾಗೇ ಇದೆ ಅಂದರು ಅವರು. ಭಾವನ ಕಿವಿಗೆ ಬಿದ್ದದ್ದು "ನಿಮ್ಮ ವಯಸ್ಸಿಗೆ" ಅಷ್ಟೇ.

ಅಲ್ಲಿಂದ ಅವರು ಬೇರೆಯೇ ಮನುಷ್ಯರಾದರು. ಮೊದಲೆಲ್ಲ ನಾನು ಮನೆಗೆ ಕಾಲಿಟ್ಟರೆ ನನ್ನ ಅಂಗಿ ನೋಡಿ, ಇದನ್ನು ಬಿಳಿ ಅಂತ ಯಾರೋ ನಿನಗೆ ಹೇಳಿ ಟೋಪಿ ಹಾಕಿದ್ದಾರೆ ಅನ್ನುತ್ತಿದ್ದರು. ಈಗ ಪಕ್ಕದ ಮನೆಯವರು ಬೂದಿ ಬಣ್ಣಕ್ಕೆ ತಿರುಗಿದ ಟವೆಲನ್ನು ಬಿಳಿ ಅಂದರೂ ಸುಮ್ಮನೆ ಹೂಂಗುಟ್ಟಿದರು. ಕೆಲಸ ನಿಂತಿತು. ಮೇಸ್ತ್ರಿ ದಿನಾ ಬಂದು, ಮಡಿಸಿದ ಏಣಿಯ ಮೇಲೆ ಕೂತು ಎದ್ದು ಹೋಗುತ್ತಿದ್ದ. ಗೋಡೆಗಳ ತುಂಬ ತೇಪೆ. ನಾಲ್ಕನೆಯ ದಿನ, ಭಾನುವಾರ, ಭಾವ ನನ್ನ ಹತ್ತಿರ, "ಆ ಡಬ್ಬಿಯಂಥ ಯಂತ್ರಾನೇ ಸರಿ ಕಣಯ್ಯಾ. ಸ್ಟೂಲು ಅದಕ್ಕೇ ಸೇರಬೇಕಾದ್ದು. ಎಷ್ಟು ವರ್ಷದಿಂದ ತಪ್ಪು ಬುಟ್ಟಿಗೆ ಹಾಕಿದ್ನೋ ಏನೋ" ಅಂದರು.

ಪಕ್ಕದಲ್ಲಿ ಅಕ್ಕ ಹೊದಿಕೆ ಮಡಿಸುತ್ತಿದ್ದಳು. ಅರ್ಧಕ್ಕೇ ಬಿಟ್ಟು ಎದ್ದು ಬಂದಳು.

"ಕಣ್ಣು ಸರಿಯಾಗೇ ಇದೆ ರೀ. ಅಂಗಿ ಸರಿ ಇಲ್ಲ."

"ಅಂಗಿಗೇನಾಗಿದೆ? ಒಂದೇ ಥಾನಿನದು."

"ಥಾನು ಒಂದೇ. ಒಗೆಯೋಳ ಮನಸ್ಸು ದಿನಾ ಒಂದೇ ಥರ ಇರುತ್ತಾ? ನೀಲಿ ಏನು ಅಳತೆ ಮಾಡಿ ಹಾಕ್ತೀನಿ ಅಂದ್ಕೊಂಡಿದ್ರಾ?"

ಆಮೇಲೆ ಒಂದೊಂದಾಗಿ ಹೊರಬಂತು. ಸೋಮವಾರ ಸಂಜೆ ಭಾವ ಅಡುಗೆಮನೆಗೆ ನುಗ್ಗಿ ಒಂದೊಂದು ಡಬ್ಬದ ಮುಚ್ಚಳವನ್ನೂ ತೆಗೆದು ಇದು ಯಾಕೆ ಇಷ್ಟಿದೆ, ಅದು ಯಾಕೆ ಅಷ್ಟಿದೆ ಎಂದು ತಪಾಸಣೆ ಮಾಡುತ್ತಾರೆ. ಹಾಗಾಗಿ ಮಂಗಳವಾರ ಬೆಳಿಗ್ಗೆ ಸೋಮವಾರದ ಅಂಗಿ ಒಗೆಯುವಾಗ ನೀಲಿ ಬಾಟಲಿ ಅಕ್ಕನ ಕೈಯಲ್ಲಿ ನಿಲ್ಲುವುದಿಲ್ಲ. ಗುರುವಾರದ ಅಂಗಿ ಒಗೆಯುವ ಶುಕ್ರವಾರ ಬೆಳಿಗ್ಗೆ ನಲ್ಲಿಯಲ್ಲಿ ಅರ್ಧ ಗಂಟೆ ಮಾತ್ರ ನೀರು. ಗಡಿಬಿಡಿಯಲ್ಲಿ ನೀಲಿ ಹಾಕುವುದೇ ಮರೆಯುತ್ತದೆ. ಬುಧವಾರ ಭಾವನ ಅಕ್ಕ ಫೋನ್ ಮಾಡುತ್ತಾರೆ, ಭಾವ ಸ್ಪೀಕರ್ ಹಾಕಿಡುತ್ತಾರೆ. ಅದರ ಬಗ್ಗೆ ತಾನು ಮಾತಾಡುವುದಿಲ್ಲ ಅಂದಳು ಅಕ್ಕ. ಇನ್ನು ಶುಕ್ರವಾರ ಭಾವ ಹಳೆಯ ಗೆಳೆಯರ ಮನೆಗೆ ಹೋದರೆ ಬರುವುದು ಸಂಜೆಗೇ. ಶನಿವಾರ ಬೆಳಿಗ್ಗೆ ಅಕ್ಕನ ಮನಸ್ಸು ಎಷ್ಟು ಶಾಂತವಾಗಿರುತ್ತದೆಂದರೆ, ಬಾಟಲಿಯ ಮೇಲೆ ಬರೆದಿರುವಂತೆ ಎಣಿಸಿ ಮೂರೇ ಹನಿ ಹಾಕುತ್ತಾಳೆ.

ಈಗ ಆಕಾಶ ಭೂಮಿ ಒಂದಾಗುತ್ತದೆ ಅಂದುಕೊಂಡೆ. ಭಾವ ಎದ್ದರು. ಆದರೆ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. "ಆರೂ ಅಂಗಿ ತಗೊಂಡು ಬಾ" ಅಂದರು.

ಹಿತ್ತಲಲ್ಲಿ ಪರೀಕ್ಷೆ ನಡೆಯಿತು. ಅಕ್ಕ ಬಣ್ಣದ ಶೇಡ್ ಕಾರ್ಡಿನ ಹಿಂಬದಿಯಲ್ಲಿ ತನ್ನ ಸಿಟ್ಟಿನ ಪ್ರಕಾರ, ಅಂದರೆ ನೀಲಿಯ ಪ್ರಕಾರ, ಹೆಚ್ಚಿನದರಿಂದ ಕಡಿಮೆಯದಕ್ಕೆ, ನೀಲಿ ಮರೆತ ಗುರುವಾರವನ್ನು ಕೊನೆಗಿಟ್ಟು, ವಾರಗಳನ್ನು ಬರೆದು ಮಡಿಸಿ ಮೇಸ್ತ್ರಿಯ ಕೈಗೆ ಕೊಟ್ಟಳು. ನಾನು ಕಾಲರುಗಳನ್ನು ಒಳಮಡಿಸಿ, ಕಲೆಸಿ, ಹಗ್ಗಕ್ಕೆ ಹಾಕಿದೆ. ಭಾವ ಹಗ್ಗದ ಉದ್ದಕ್ಕೂ ಒಮ್ಮೆ ನಡೆದರು. ಹತ್ತಿರದಲ್ಲಿದ್ದ ಹಳದಿ ಬಕೆಟ್ಟನ್ನು ದೂರ ಇಡಿಸಿದರು. ನನ್ನನ್ನೂ ದೂರ ನಿಲ್ಲಿಸಿದರು. ಆಮೇಲೆ ಒಂದೊಂದೇ ಕ್ಲಿಪ್ಪು ತೆಗೆದು ಅಂಗಿಗಳ ಜಾಗ ಬದಲಿಸತೊಡಗಿದರು. ಎರಡು ಅಂಗಿಗಳ ನಡುವೆ ಬಹಳ ಹೊತ್ತು ನಿಂತರು. ಅದಲು ಬದಲು ಮಾಡಿದರು. ಮತ್ತೆ ಮೊದಲಿದ್ದ ಹಾಗೆಯೇ ಇಟ್ಟರು. "ಆಯ್ತು" ಅಂದರು.

ಮೇಸ್ತ್ರಿ ಚೀಟಿ ಓದಿದ, ನಾನು ಕಾಲರು ತಿರುಗಿಸಿದೆ. ಸೋಮವಾರ, ಸೋಮವಾರ. ಬುಧವಾರ, ಬುಧವಾರ. ಕೊನೆಯ ಗುರುವಾರದವರೆಗೂ ಆರಕ್ಕೆ ಆರು. ಮೇಸ್ತ್ರಿ ತಲೆಯ ಮೇಲಿದ್ದ ಕಾಗದದ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಹೆಂಡತಿಗೆ ಸಿಟ್ಟು ಯಾಕೆ ಬರುತ್ತದೆ ಎಂದು ಬೇರೆ ಯಾರಾದರೂ ಆಗ ಕೇಳುತ್ತಿದ್ದರು. ಭಾವ ಕೇಳಿದ್ದು, "ಮಂಗಳವಾರಕ್ಕೂ ಶನಿವಾರಕ್ಕೂ ಎಷ್ಟು ಹನಿ ವ್ಯತ್ಯಾಸ?"

"ಒಂದು ಇರಬಹುದು" ಅಂದಳು ಅಕ್ಕ.

"ಒಂದು ಹನಿ" ಎಂದು ಭಾವ ನಮ್ಮೆಲ್ಲರ ಮುಖವನ್ನೂ ಸರದಿಯ ಮೇಲೆ ನೋಡಿದರು. ಆ ಕ್ಷಣಕ್ಕೆ ಸ್ಟೂಲು ಅವರಿಗೆ ವಾಪಸು ಬಂದಿತ್ತು.

ಮೇಸ್ತ್ರಿ, ಹಂಗಾದ್ರೆ ಒಂದೇ ಬಿಳಿ ಸಾಕಲ್ವಾ ಸಾರ್, ಮೊದಲ ದಿನವೇ ಹೇಳಿದ್ದೆನಲ್ಲ ಎಂದು ಮೆತ್ತಗೆ ನೆನಪಿಸಿದ. "ನೀನು ಹೇಳಿದ್ದು ಊಹೆ. ನಾನು ಹೇಳ್ತಿರೋದು ಪರೀಕ್ಷೆ ಮಾಡಿ" ಅಂದ ಭಾವ ಶುಕ್ರವಾರದ ಅಂಗಿಯನ್ನು, ಅಂದರೆ ತಾವು ಮನೆಯಲ್ಲಿಲ್ಲದ ದಿನದ ಬಿಳಿಯನ್ನು, ಇಡೀ ಮನೆಗೆ ಆರಿಸಿದರು. ಹಸಿರು ಬೆಳಕಿನಲ್ಲಿ ಅದು ಸ್ವಲ್ಪ ಹಸಿರಾಗಿ, ಕೆಂಪಿನಲ್ಲಿ ಸ್ವಲ್ಪ ಕೆಂಪಾಗಿ ಕಾಣುತ್ತದೆ. ಕೋಣೆ ಅಂದಮೇಲೆ ಅದಕ್ಕೂ ಒಂದು ಸ್ವಭಾವ ಬೇಡವೇ ಎಂದು ಭಾವ ಈಗ ಹೇಳುತ್ತಾರೆ, ಮೊದಲಿಂದಲೂ ಹಾಗೇ ಹೇಳುತ್ತಿದ್ದವರಂತೆ. ಹಾಲನ್ನು ಮಾತ್ರ ಹಾಗೇ ಬಿಡಲು ಅಕ್ಕ ಹಟ ಹಿಡಿದಳು. ಅದು ಸೋಮವಾರದ ಬಣ್ಣದಲ್ಲೇ ಇದೆ. ಡಬ್ಬದ ಮುಚ್ಚಳ ತೆಗೆಯುವ ಕಾರ್ಯಕ್ರಮ ನಿಂತಿದೆ.

ಕಳೆದ ವಾರ ಮಧ್ಯಾಹ್ನ ಹೋದಾಗ ಭಾವ ಸ್ಟೂಲು ಹತ್ತಿ ಫ್ಯಾನಿನ ರೆಕ್ಕೆ ಒರೆಸುತ್ತಿದ್ದರು. ಕಿಟಕಿಯ ಗಾಜು ಅಷ್ಟರಲ್ಲಿ ಒರೆಸಿಯಾಗಿತ್ತು, ಪಾತ್ರೆ ತೊಳೆದು ಬೋರಲು ಹಾಕಿಯಾಗಿತ್ತು. ಏನು ವಿಶೇಷ ಅಂದೆ. ಅವರು ಇಳಿದು, ಹಿತ್ತಲ ಬಾಗಿಲಿಗೆ ನನ್ನನ್ನು ಕರೆದೊಯ್ದು ಹಗ್ಗದ ಮೇಲಿದ್ದ ಹಿಂದಿನ ದಿನದ ಅಂಗಿ ತೋರಿಸಿದರು. ನನಗೆ ಕಂಡದ್ದು ಒಂದು ಬಿಳಿ ಅಂಗಿ.

"ನಿನಗೆಲ್ಲಿ ಕಾಣಬೇಕು" ಅಂದರು ಹೆಮ್ಮೆಯಿಂದ. "ಎರಡು ಹನಿ ಜಾಸ್ತಿ."

"ಏನು ಮಾಡಿದ್ರಿ ಭಾವ?"

"ಅದು ಗೊತ್ತಾಗ್ತಿಲ್ಲ" ಅಂದರು, ಒರೆಸುವ ಬಟ್ಟೆ ಹಿಂಡುತ್ತಾ. "ಅದಕ್ಕೇ ಎಲ್ಲಾ ಮಾಡ್ತಾ ಇದ್ದೀನಿ."