ಬೀದಿಕುತ್ತಿನ ಕನ್ನಡಿ

ಪಟ್ಟಂದೂರು ಅಗ್ರಹಾರದ ಲಕ್ಷ್ಮಮ್ಮನಿಗೆ ಹಾವು, ಚೇಳು, ಪೊಲೀಸು ಯಾವುದರ ಭಯವೂ ಇರಲಿಲ್ಲ. ಭಯವಿದ್ದದ್ದು ಒಂದು ರಸ್ತೆಯದು. ಅವಳ ರಾಗಿ ಹೊಲದ ನಡುವೆ ಬಡಾವಣೆಯವರು ಎಳೆದ ಆ ರಸ್ತೆ ಪೂರ್ವದಿಂದ ನೆಟ್ಟಗೆ ಬಂದು ಅವಳ ಬಾಗಿಲ ಮುಂದೆಯೇ ಮುಗಿಯುತ್ತಿತ್ತು. ಇಂಥದ್ದಕ್ಕೆ ಬೀದಿಕುತ್ತು ಎನ್ನುತ್ತಾರೆ. ಮನೆಯವರನ್ನು ತಿನ್ನದೆ ಬಿಡುವುದಿಲ್ಲವಂತೆ. ಟಾರು ಹಾಕಿದ ವರ್ಷವೇ ಗಂಡ ಚಿಕ್ಕಬೈರಪ್ಪ ಜಗುಲಿಯ ಮೇಲೆ ಕಾಫಿ ಲೋಟ ಹಿಡಿದುಕೊಂಡೇ ಒರಗಿದ, ಮತ್ತೆ ಏಳಲಿಲ್ಲ. ಡಾಕ್ಟರು ಸಕ್ಕರೆ ಕಾಯಿಲೆ, ಬೀಡಿ ಎಂದೆಲ್ಲ ಹೇಳಿದರು. ಲಕ್ಷ್ಮಮ್ಮ ಆ ರಸ್ತೆಗೆ ಹಿಡಿ ಮಣ್ಣು ತೂರಿ ಶಾಪ ಹಾಕಿದಳು.

ಉಳಿದವನು ಒಬ್ಬನೇ ಮಗ, ಶಶಿಕುಮಾರ್. ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. "ಬಾಡಿಗೆ ಬರ್ತದಲ್ಲ, ಆ ಕೆಲ್ಸ ಬಿಡೋ" ಎಂದರೆ ಕೇಳುವ ಪೈಕಿ ಅಲ್ಲ. ಬೆಳಿಗ್ಗೆ ಅವನ ಬೈಕು ಅದೇ ರಸ್ತೆಯಲ್ಲಿ ಬರಬೇಕು. ಅದು ಬಂದು ನಿಲ್ಲುವವರೆಗೆ ಅವಳ ಗಂಟಲಲ್ಲಿ ಕಾಫಿ ಇಳಿಯುತ್ತಿರಲಿಲ್ಲ. ಕೊನೆಗೆ ಯಾರೋ ಹೇಳಿದರೆಂದು ಬಾಗಿಲ ಮೇಲೆ, ರಸ್ತೆಗೆ ಮುಖ ಮಾಡಿ, ಒಂದು ಮೊಳದ ಕನ್ನಡಿ ಹೊಡೆಸಿದಳು. ಬಂದ ಕೆಟ್ಟದ್ದು ಅದಕ್ಕೆ ಬಡಿದು ಬಂದ ದಾರಿಯಲ್ಲೇ ವಾಪಸು ಹೋಗಲಿ ಅಂತ.

ಹೋಯಿತು, ಆದರೆ ಬಂದ ದಾರಿಯಲ್ಲಲ್ಲ. ಅವಳ ಬಾಗಿಲಲ್ಲಿ ನಿಂತು ನೋಡಿದರೆ, ಚಳಿಗಾಲದಲ್ಲಿ ಸೂರ್ಯ ಆ ರಸ್ತೆಗೆ ಸ್ವಲ್ಪ ಬಲಗಡೆ ಹುಟ್ಟುತ್ತಾನೆ. ಬಲದಿಂದ ಓರೆಯಾಗಿ ಬಂದ ಬಿಸಿಲು ಕನ್ನಡಿಗೆ ತಾಗಿ, ಅಷ್ಟೇ ಓರೆಯಾಗಿ ಎಡಕ್ಕೆ ಹಾರಿ, ಎಡಸಾಲಿನ ಗೌರಮ್ಮನ ನಡುಮನೆಗೆ ನುಗ್ಗಿತು. ಆ ವಾರವೇ ಗೌರಮ್ಮನ ಗಬ್ಬದ ಹಸು ಕಂದು ಹಾಕಿತು. ಸಾಕಲ್ಲ!

"ನಿಮ್ಮನೆ ಪೀಡೆ ನಮ್ಮನೆಗೆ ತಳ್ತೀಯಾ ಲಕ್ಷ್ಮಕ್ಕ? ಇಂಗೇ ಮಾಡ್ತಿದ್ರೆ ಕಲ್ಲು ತಗಂಡು ಒಡೆದಾಕ್ತೀನಿ ನೋಡು!"

"ಒಡಿ ನೋಡಾನ! ನಿನ್ನ ಕಣ್ಣೇ ಸರಿಯಿಲ್ಲ, ಅದಕ್ಕೇ ನಿನ್ನ ಮನೇನೇ ಉಡುಕ್ಕೊಂಡು ಬರ್ತದೆ!"

ಬಾಯಿ ಜೋರು ಅಷ್ಟೆ, ಲಕ್ಷ್ಮಮ್ಮನ ಮನಸ್ಸು ಕೆಟ್ಟದ್ದಲ್ಲ. ಸಂಜೆ ಸ್ಟೂಲು ಹತ್ತಿದಳು. ಗೌರಮ್ಮನ ಮನೆ ದಾಟಿದರೆ ಖಾಲಿ ಸೈಟಿನ ಗೋಡೆಯಿದೆ, ಬೆಳಕು ಅಲ್ಲಿ ಬಿದ್ದು ಸಾಯಲಿ ಎಂದುಕೊಂಡಳು. ಟಾರ್ಚು ತಿರುಗಿಸುವ ಹಾಗೆ, ಬೆಳಕು ಎಷ್ಟು ಸರಿಯಬೇಕೋ ಅಷ್ಟೇ ಕನ್ನಡಿಯನ್ನು ಬಲಕ್ಕೆ ತಿರುಗಿಸಿ, ಹಿಂದೆ ಮರದ ಚಕ್ಕೆ ತುರುಕಿದಳು. ಸೂರ್ಯ ಮನೆಯ ಹಿಂದಿದ್ದ. ಬೆಳಕು ಎಲ್ಲಿ ಬೀಳುತ್ತದೆಂದು ಆಗ ನೋಡುವಂತಿರಲಿಲ್ಲ.

ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ನಿವೇದಿತಾ ಮೆಟ್ಟಿಲಿಳಿಯುತ್ತ ನಿಂತಳು. "ಆಂಟಿ, ಅಷ್ಟು ಬೇಡ, ಅದ್ರಲ್ಲಿ ಅರ್ಧ ಸಾಕು. ಕನ್ನಡಿ ತಿರುಗಿಸಿದ್ರೆ ಬಿಸಿಲು ಬಂದು ಬೀಳೋ ಓರೆನೂ ಬದಲಾಗುತ್ತೆ, ವಾಪಸ್ ಹೋಗೋ ಓರೆನೂ ಬದಲಾಗುತ್ತೆ. ಕನ್ನಡಿ ಒಂದು ಪಾಲು ತಿರುಗಿದ್ರೆ ಬೆಳಕು ಎರಡು ಪಾಲು ತಿರುಗುತ್ತೆ."

"ಒಂದಕ್ಕೆ ಎರಡು ಕೊಡಕ್ಕೆ ಅದೇನು ಚೀಟಿ ದುಡ್ಡೇನಮ್ಮ? ನಡಿ ನಡಿ, ನಿನ್ನ ಕ್ಯಾಬು ಬಂತು."

ಇಬ್ಬರೂ ನಕ್ಕರು. ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯಿತು ಅನ್ನುತ್ತಾರೆ. ಇಲ್ಲಿ ದೈವದ್ದೇನೂ ತಪ್ಪಿಲ್ಲ.

ಮರುದಿನ ಬೆಳಿಗ್ಗೆ ಲಕ್ಷ್ಮಮ್ಮ ಜಗುಲಿಗೆ ಬಂದಾಗ ಗೌರಮ್ಮ ರಸ್ತೆಯಂಚಿನಲ್ಲಿ ಬಗ್ಗಿ ರಂಗೋಲಿ ಬಿಡುತ್ತಿದ್ದಳು. ಅವಳ ಮನೆಯ ಮೇಲೆ ಬೆಳಕಿರಲಿಲ್ಲ. ಗೋಡೆಯ ಮೇಲೂ ಇರಲಿಲ್ಲ. ಎಲ್ಲಿ ಹಾಳಾಗಿ ಹೋಯಿತು ಎಂದು ಹುಡುಕಿದರೆ, ಗೋಡೆಯನ್ನೂ ದಾಟಿ, ಮತ್ತಷ್ಟೇ ಸರಿದು, ರಸ್ತೆಯ ನಟ್ಟನಡುವೆ ಉರಿಯುತ್ತಿತ್ತು.

ಅಷ್ಟರಲ್ಲಿ ಬೈಕಿನ ಸದ್ದು ಕೇಳಿಸಿತು. ಸೂರ್ಯನಿಗೆ ಬೆನ್ನು ಹಾಕಿ ಶಶಿ ಬರುತ್ತಿದ್ದ. ಲಕ್ಷ್ಮಮ್ಮ ಎರಡೂ ಕೈ ಎತ್ತಿ ಬೀಸಿದಳು. "ನಿಲ್ಲೋ! ನಿಲ್ಲೋ ಶಶಿ!" ಎಂದು ಕೂಗಿಕೊಂಡಳು. ಹೆಲ್ಮೆಟ್ಟಿನೊಳಗೆ ಏನು ಕೇಳಿಸಬೇಕು? ಅವನ ಮುಖ ಒಮ್ಮೆಲೇ ಬೆಳ್ಳಗಾಯಿತು. ಒಂದು ಕೈ ಹ್ಯಾಂಡಲ್ ಬಿಟ್ಟು ಕಣ್ಣಿಗೆ ಅಡ್ಡ ಬಂತು. ಬೈಕು ಅವನ ಬಲಕ್ಕೆ, ರಂಗೋಲಿಯ ಕಡೆಗೆ ಎಳೆಯಿತು.

ಲಕ್ಷ್ಮಮ್ಮ ಓಡಿ ಬರುವಷ್ಟರಲ್ಲಿ ಗೌರಮ್ಮನ ಗಂಡ ನೀಲಪ್ಪ ಶಶಿಯ ಕಾಲರ್ ಹಿಡಿದಿದ್ದ. "ನಿದ್ದೆಗಣ್ಣಲ್ಲಿ ಗಾಡಿ ಓಡಿಸ್ತೀಯೇನೋ! ಕೊಂದಾಕ್ಬಿಟ್ಟೆಯಲ್ಲೋ!"

"ಇಲ್ಲ ಮಾವ... ಕಣ್ಣಿಗೇನೋ ಹೊಡೀತು, ಏನೂ ಕಾಣ್ಲಿಲ್ಲ..." ಮಗ ಅಳುತ್ತಿದ್ದ. ಯಾರೂ ನಂಬಲಿಲ್ಲ. ರಾತ್ರಿಯೆಲ್ಲ ದುಡಿದು ಬಂದವನು, ತೂಕಡಿಸಿದ್ದಾನೆ ಎಂದು ಜನ ಆಗಲೇ ತೀರ್ಮಾನಿಸಿ ಪೊಲೀಸರಿಗೆ ಫೋನು ಹಚ್ಚಿದ್ದರು. ಸುಮ್ಮನಿದ್ದರೆ ಮಗನನ್ನು ಎಳೆದುಕೊಂಡು ಹೋಗುತ್ತಾರೆ. ಬಾಯಿ ಬಿಟ್ಟರೆ ಇನ್ನು ಈ ಊರಲ್ಲಿ ತಲೆಯೆತ್ತುವಂತಿಲ್ಲ. ಲಕ್ಷ್ಮಮ್ಮ ಗುಂಪಿನ ನಡುವೆ ನುಗ್ಗಿದಳು.

"ನೀಲಪ್ಪಣ್ಣ, ಅವನನ್ನ ಬಿಡು. ಅವನಲ್ಲ, ನಾನು. ನಿನ್ನೆ ಸಂಜೆ ಆ ಕನ್ನಡಿ ತಿರುಗಿಸ್ದೋಳು ನಾನು."

ನೀಲಪ್ಪ ಅವಳ ಮನೆಯ ಕಡೆ ತಿರುಗಿದ, ತಟ್ಟನೆ ಕಣ್ಣು ಮುಚ್ಚಿಕೊಂಡ. ಅವನ ಕೈ ಕಾಲರಿನಿಂದ ಜಾರಿತು. ಸುತ್ತ ನಿಂತವರು ಒಬ್ಬೊಬ್ಬರಾಗಿ ಹಣೆಗೆ ಕೈ ಅಡ್ಡ ಹಿಡಿದರು. ರಸ್ತೆಯ ಮೇಲೆ ಮಲಗಿದ್ದ ಗೌರಮ್ಮನ ಮುಖದ ಮೇಲೂ ಆ ಬೆಳಕು ಬಿದ್ದಿತ್ತು. ಅವಳು ಮಾತ್ರ ಕಣ್ಣು ತೆರೆದೇ ಇದ್ದಳು, ರೆಪ್ಪೆ ಬಡಿಯಲಿಲ್ಲ.