ಉಸಿರಿಲ್ಲದ ‘ಬಿಡಿ’

ಸ್ಟುಡಿಯೋದಲ್ಲಿ ಆಕೆಯನ್ನು ಎಲ್ಲರೂ ಉಸಿರಕ್ಕ ಎನ್ನುತ್ತಿದ್ದರು. ಬೇರೆ ಭಾಷೆಯ ಧಾರಾವಾಹಿಯ ನಾಯಕಿಗೆ ನಮ್ಮ ಭಾಷೆಯಲ್ಲಿ ದನಿ ಕೊಡುವುದು ಆಕೆಯ ಕೆಲಸ. ಅದನ್ನು ಧ್ವನಿಮುದ್ರಿಸುವುದು ನನ್ನದು. ಆಕೆಯ ಸ್ವಂತ ಗಂಟಲು ದಪ್ಪ. ತರಕಾರಿಯವನೊಂದಿಗೆ ಜಗಳಕ್ಕೆ ನಿಂತರೆ ಬೀದಿಯ ಆ ತುದಿಗೂ ಕೇಳುತ್ತದೆ. ಮೈಕಿನ ಮುಂದೆ ಮಾತ್ರ ಆ ಗಂಟಲನ್ನು ಮೇಲಕ್ಕೆತ್ತಿ, ತೆಳ್ಳಗೆ ಮಾಡಿ, ಪ್ರತಿ ಮಾತಿಗೂ ಒಂದಿಷ್ಟು ಗಾಳಿ ಬೆರೆಸಬೇಕು. ನಿರ್ದೇಶಕರ ಬಾಯಲ್ಲಿ ಅದು ‘ಉಸಿರು ಹಾಕುವುದು’. ಉಸಿರು ಹಾಕಿದರೆ ನಾಯಕಿ, ಹಾಕದಿದ್ದರೆ ಗಯ್ಯಾಳಿ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಾಲೇಜಿಗೆ ಕಳಿಸಿದ್ದು ಈ ಗಾಳಿಯೇ.

ಆ ಬೆಳಿಗ್ಗೆ ಬಂದವಳೇ ಚೀಲವನ್ನು ಕುರ್ಚಿಗೆ ಎಸೆದಳು.

“ಏನಕ್ಕ, ಬೆಳಿಗ್ಗೆ ಬೆಳಿಗ್ಗೆನೇ ಕೆಂಡ?” ಎಂದೆ.

“ನಿನ್ನೆ ಬಸ್ಸಲ್ಲಿ ಒಬ್ಬ ನನ್ನ ಮಗಳ ಕೈ ಹಿಡಿದನಂತೆ. ಇವಳು ‘ಬಿಡು’ ಅಂತ ಕಿರುಚಿದಾಳೆ. ಅವನೇನ್ ಮಾಡ್ದ ಗೊತ್ತಾ? ಕೈ ಬಿಡದೆ, ‘ಬಿಡೀ...’ ಅಂತ ರಾಗ ಎಳೆದ. ಸುತ್ತ ಇದ್ದೋರು ನಕ್ಕರು. ಮನೆಗೆ ಬಂದು ಏನಂದ್ಲು ಹೇಳ್ಲಾ? ‘ಅಮ್ಮ, ಅವನು ನಿನ್ನ ಥರಾನೇ ಹೇಳ್ದ.’”

ಆ ರಾಗ ಯಾವುದೆಂದು ನನಗೂ ಗೊತ್ತಿತ್ತು. ನಾಯಕ ಕೈ ಹಿಡಿದಾಗಲೆಲ್ಲ ನಾಯಕಿ ಹೇಳುವ ‘ಬಿಡೀ’: ಮೊದಲು ಉಸಿರು, ಕೊನೆಗೆ ಅರ್ಧ ನಗು. ಜನ ಅದನ್ನು ಫೋನಿಗೆ ರಿಂಗ್‌ಟೋನ್ ಮಾಡಿಕೊಂಡಿದ್ದರು.

ಅವತ್ತಿನ ಕಂತಿನಲ್ಲೂ ಅದೇ ಬಂತು. ಅಡುಗೆಮನೆಯಲ್ಲಿ ನಾಯಕ ಹಿಂದಿನಿಂದ ಬಂದು ಕೈ ಹಿಡಿಯುತ್ತಾನೆ. ಉಸಿರಕ್ಕ ತನ್ನ ಸ್ವಂತ ಗಂಟಲಲ್ಲಿ “ಬಿಡಿ” ಎಂದಳು. ಬಾಗಿಲು ಹಾಕಿದ ಹಾಗಿತ್ತು.

“ಅಕ್ಕ, ಇದು ಜಗಳ ಅಲ್ಲ, ಸರಸ,” ಎಂದರು ನಿರ್ದೇಶಕರು, ಮೈಕಿನ ಕೋಣೆಯ ಗಾಜಿನ ಈಚೆ ನನ್ನ ಪಕ್ಕದಿಂದ. “ಸ್ವಲ್ಪ ಹೆಣ್ತನ ಬರ್ಲಿ. ಉಸಿರು ಹಾಕಿ.”

“ಅವಳ ಕೈ ನೋಡಿ ಸಾರ್. ಎಳ್ಕೊತಿದಾಳೆ.”

“ಮುಖ ಕಾಣ್ತಿಲ್ಲ ತಾನೆ? ನಾವು ಹೇಳಿದ್ದೇ ಅರ್ಥ. ನೋಡೋರೂ ಹೆಂಗಸರೇ, ಅವರಿಗೇ ಇದು ಇಷ್ಟ.”

“ಅವರಿಗೆ ಬೇರೆ ಏನು ಕೊಟ್ಟು ನೋಡಿದೀರಿ?”

ನಾಯಕನಿಗೆ ದನಿ ಕೊಡುವ ಹುಡುಗ ಒಳಗೆ ಆಕೆಯ ಪಕ್ಕದಲ್ಲೇ ನಿಂತಿದ್ದ. “ಹೋಗ್ಲಿ ಬಿಡಿ ಅಕ್ಕ, ಒಂದು ಮಾತಿಗೆ ಇಷ್ಟೊಂದಾ?” ಎಂದ.

ಉಸಿರಕ್ಕ ಅವನತ್ತ ತಿರುಗಿದಳು. “ಈಗ ‘ಬಿಡಿ’ ಅಂದ್ಯಲ್ಲ, ಅದರಲ್ಲಿ ಉಸಿರಿತ್ತಾ? ನೀನಂದ್ರೆ ಬಿಡಿ ಅಂತ ಅರ್ಥ. ನಾನಂದ್ರೆ ಬಿಡಬೇಡಿ ಅಂತನಾ?”

ಅವನು ನೀರಿನ ಬಾಟಲಿ ಹುಡುಕತೊಡಗಿದ.

ನಿರ್ದೇಶಕರು ನನ್ನತ್ತ ಬಾಗಿದರು. “ಹಳೇ ‘ಬಿಡಿ’ ಇದೆಯಲ್ಲ, ಅದನ್ನೇ ಅಂಟಿಸಿ.”

ನಗು, ಬಿಕ್ಕು, ನಿಟ್ಟುಸಿರುಗಳನ್ನೆಲ್ಲ ಹೀಗೆ ಬೇಕಾದಾಗ ಬಳಸಲು ತೆಗೆದಿಟ್ಟಿರುತ್ತೇವೆ. ಅಂಟಿಸಿ ಕೇಳಿಸಿದೆ. ಹೆಡ್‌ಫೋನಿನಲ್ಲಿ ಆಕೆಗೆ ಆಕೆಯದೇ ‘ಬಿಡೀ’ ಕೇಳಿತು.

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. “ನಾನು ಹೇಳಲ್ಲ ಅಂದ್ಮೇಲೂ ನನ್ನ ಬಾಯಿಂದಾನೇ ಹೇಳಿಸ್ತೀರಿ. ಆ ಬಸ್ಸಿನವನೇ ವಾಸಿ, ತನ್ನ ಬಾಯಲ್ಲಾದ್ರೂ ಹೇಳ್ದ. ಮಿಕ್ಕ ಮಾತುಗಳನ್ನೂ ಹಳೇದ್ರಲ್ಲೇ ಹುಡುಕ್ಕೊಳ್ಳಿ.”

ಮೆಟ್ಟಿಲಿಳಿದೇಬಿಟ್ಟಳು. ಕಂತು ಸಂಜೆಯೇ ಪ್ರಸಾರವಾಗಬೇಕಿತ್ತು. ನಾಯಕಿಯ ಅರ್ಧ ಮಾತು ಇನ್ನೂ ಬಾಕಿ. ನಿರ್ದೇಶಕರೇ ಬೀದಿಯವರೆಗೆ ಓಡಿ ಕರೆತಂದರು. ತೆಗೆದಿಟ್ಟಿದ್ದ ‘ಬಿಡೀ’ಗಳನ್ನೆಲ್ಲ ನಾನು ಅಳಿಸುವುದನ್ನು ನಿಂತು ನೋಡಿದ ಮೇಲೆಯೇ ಆಕೆ ಮತ್ತೆ ಮೈಕಿನ ಮುಂದೆ ಹೋದದ್ದು. ಬಾಗಿಲು ಹಾಕಿದಂಥ ‘ಬಿಡಿ’ಯೇ ಪ್ರಸಾರವಾಯಿತು.

ಮುಂದಿನ ವಾರ ನಾಯಕಿಯ ದನಿಗೆ ಬೇರೆ ಹುಡುಗಿ ಬಂದಳು. ಕಾರಣ ಯಾರೂ ಹೇಳಲಿಲ್ಲ. ಉಸಿರಕ್ಕನಿಗೆ ಸಿಕ್ಕಿದ್ದು ಅದೇ ಧಾರಾವಾಹಿಯ ವಿಲನ್ ಅತ್ತಿಗೆ. ದಪ್ಪ ಕಾಡಿಗೆ, ಬಂದಾಗಲೆಲ್ಲ ಗುಡುಗು. ಮೊದಲ ದಿನವೇ ಆ ಅತ್ತಿಗೆಯ ಗಂಡ ಅವಳ ಮೊಣಕೈ ಹಿಡಿದೆಳೆಯುವ ದೃಶ್ಯ ಬಂತು.

“ಬಿಡಿ,” ಎಂದಳು ಉಸಿರಕ್ಕ. ಅದೇ ಗಂಟಲು, ಅದೇ ಬಾಗಿಲು.

“ಸೂಪರ್ ಅಕ್ಕ! ಒಂದೇ ಟೇಕ್!” ಎಂದರು ನಿರ್ದೇಶಕರು.

ತೆರೆಯ ಮೇಲೆ ಗಂಡ ಕೈ ಬಿಟ್ಟ.

“ನೋಡ್ದ್ಯಾ?” ಉಸಿರಕ್ಕ ಗಾಜಿನ ಆಚೆಯಿಂದ ನನ್ನನ್ನು ಕೇಳಿದಳು. “ಕೆಟ್ಟವಳಾದ್ಮೇಲೆ ಇವರಿಗೆ ನನ್ನ ಮಾತು ಅರ್ಥ ಆಯ್ತು.”

ಮೈಕ್ ಇನ್ನೂ ತೆರೆದೇ ಇತ್ತು. ಪಕ್ಕದಲ್ಲಿದ್ದ ನಿರ್ದೇಶಕರು ಅದನ್ನು ಮುಚ್ಚೆಂದು ಕೈಸನ್ನೆ ಮಾಡಿದರು. ನಾನು ಮುಚ್ಚಲಿಲ್ಲ.